ಬಾನೆಟ್ಟಿನ ಮೇಲಿನ ಕುಳಿಗಳು

ಶಹಾಪುರ, ೧೭ ಮಾರ್ಚ್ ೨೦೨೫, ಸೋಮವಾರ

ಗೊಬ್ಬರದ ಅಂಗಡಿಯವರು ಇವರಿಗೆ ಪುಕ್ಕಟೆ ಕೊಟ್ಟ ಡೈರಿ ಇದು. ಇವರು ಬರೆಯುವ ಪೈಕಿ ಅಲ್ಲ. ಅತ್ತೆ ಇದರ ಮೇಲೆ ಹಪ್ಪಳದ ಡಬ್ಬಿ ಇಟ್ಟಿದ್ದರು. ಡಬ್ಬಿ ಸರಿಸಿ ನಾನೇ ಬರೆಯಲು ಕೂತಿದ್ದೇನೆ. ಮನೆಯಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಲಾಗುವುದಿಲ್ಲ, ಹೊಟ್ಟೆಯಲ್ಲಿಟ್ಟುಕೊಂಡರೆ ಊಟ ಸೇರುವುದಿಲ್ಲ.

ಇವತ್ತು ಒಂದು ಕಾರು ಬಂತು. ಬೋನಾಳದ ಶಾಲೆಯ ಯಶೋಧರಾ ಟೀಚರ್ ಕೊಂಡ ಹಳೆಯ ಕಾರು. ಬಿಳಿ ಬಣ್ಣ ಹಳದಿಗೆ ತಿರುಗಿದೆ, ಬಾಗಿಲ ಕೆಳಗೆ ತುಕ್ಕು ತಿಂದಿದೆ. ಅವರಿಗೆ ನೀಲಿ ಬೇಕಂತೆ. "ಚಳಿಗಾಲದಾಗ ನಮ್ಮ ಬೋನಾಳ ಕೆರಿ ಇರ್ತದಲ್ರಿ, ಅಂಥಾದು" ಎಂದರು. ಬುದ್ಧ ಪೂರ್ಣಿಮೆಗೆ ತಾಯಿಯನ್ನು ಅದರಲ್ಲಿ ಕೂಡಿಸಿಕೊಂಡು ಸನ್ನತಿಯ ಸ್ತೂಪಕ್ಕೆ ಹೋಗುವ ಆಸೆ. ಅಂದರೆ ಮೇ ಹನ್ನೆರಡರೊಳಗೆ ಮುಗಿಯಬೇಕು.

ಮನೆಗೆ ಹೊಂದಿಕೊಂಡ ನಮ್ಮ ಬಣ್ಣದ ಶೆಡ್ಡಿನ ಬಾಗಿಲಲ್ಲಿ ನಿಂತು ಅವರು ಮೊದಲು ಕೇಳಿದ್ದು, "ಪೇಂಟರ್ ಅದಾರೇನ್ರಿ?" ಎಂದು. ಎಲ್ಲರಿಗೂ ಹೇಳುವಂತೆ "ಅವ್ರಿಗೆ ಆರಾಮಿಲ್ರಿ" ಎಂದೆ. ವರ್ಷಗಟ್ಟಲೆ ಮಾಸ್ಕಿಲ್ಲದೆ ಬಣ್ಣ ಹೊಡೆದು ಇವರ ಎದೆ ಕೆಟ್ಟಿದೆ. ಇನ್ನೊಂದು ಸಲ ಆ ಗಾಳಿ ಕುಡಿದು ಬಂದರೆ ನಾನು ನೋಡುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಬೈದು ಕಳಿಸಿದ್ದಾರೆ. ಪುಟ್ಟಿ ಹಚ್ಚುವುದು, ಉಜ್ಜುವುದು, ಗಾಜಿಗೆ ಪೇಪರ್ ಅಂಟಿಸುವುದು ಮೊದಲಿನಿಂದ ನನ್ನ ಕೆಲಸ. ಬಣ್ಣ ಹೊಡೆಯುವ ಗನ್ ಮಾತ್ರ ಇವರದು. ಇವರು ಮಲಗಿದ ಮೇಲೆ ಎರಡು ಸ್ಕೂಟರಿಗೆ, ಒಂದು ಆಟೋದ ಬಾಗಿಲಿಗೆ ನಾನೇ ಹೊಡೆದೆ. ಪೂರಾ ಕಾರು ಹೊಡೆದಿಲ್ಲ.

"ಮತ್ತ ಯಾರು ಹೊಡಿತಾರ್ರಿ?" ಎಂದರು ಟೀಚರ್. "ನಾನs" ಎಂದು ಬಾಯಿಂದ ಬಂದೇಬಿಟ್ಟಿತು. ಅವರು ನನ್ನ ಕೈ ನೋಡಿದರು, ಕಾರು ನೋಡಿದರು, ಕೀಲಿ ಕೊಟ್ಟರು.

ಇವರು ಸಂಜೆ ಹೇಳಿದರು, "ಇದೊಂದು ಮಾಡಿ ನೋಡು, ಪರಿಮಳಾ. ಆಗಲಿಲ್ಲಂದ್ರ ಶೆಡ್ ಹುಲಗಪ್ಪಗ ಬಿಟ್ಟುಕೊಡೋಣು." ಹುಲಗಪ್ಪ ಪಕ್ಕದ ಟೈರಿನ ಅಂಗಡಿಯವನು. ಇವರು ಹಾಸಿಗೆ ಹಿಡಿದ ದಿನದಿಂದ ನಮ್ಮ ಶೆಡ್ಡಿನ ಮೇಲೆ ಅವನ ಕಣ್ಣು. ಇವರ ಕೈಯಿಂದ ಎದ್ದ ಶೆಡ್ಡು, ಇವರ ಹೆಸರಿನ ಬೋರ್ಡು. ಅದು ನನ್ನ ಕೈಯಿಂದ ಹೋಯಿತು ಎಂದಾಗಬಾರದು.

೨೨ ಮಾರ್ಚ್, ಶನಿವಾರ

ಉಜ್ಜಿ ಉಜ್ಜಿ ಬೆರಳಿನ ಗೆರೆ ಸವೆದಿವೆ. ಬೆಳಿಗ್ಗೆ ಹತ್ತಕ್ಕೇ ತಗಡು ಕಾದು ಒಳಗೆ ನಿಲ್ಲಲಾಗುವುದಿಲ್ಲ.

ಸಂತೋಷದ ಸಂಗತಿ ಒಂದಿದೆ. ಈ ವಾರ ಇವರು ಶೆಡ್ಡಿನ ಮುಂದಿನ ತಗಡಿನ ನೆರಳಿಗೆ ಒಂದು ಸ್ಟೂಲು ಹಾಕಿಕೊಂಡು ಪಾಲಿಶ್ ಕೆಲಸ ಶುರು ಮಾಡಿದ್ದು ಕೈ ಹತ್ತಿದೆ. ಗಾಡಿ ತೊಳೆಯುವುದು, ಟೈರಿಗೆ, ಡ್ಯಾಶ್‌ಬೋರ್ಡಿಗೆ, ಬಾಡಿಗೆ ಹೊಳೆಯುವ ಸ್ಪ್ರೇ ಹೊಡೆದು ಬಟ್ಟೆಯಿಂದ ತಿಕ್ಕುವುದು. ಹೊಸ ಸ್ಪ್ರೇ, ಮಲ್ಲಿಗೆ ವಾಸನೆ. ಗಾಡಿ ಹೊರಟಾಗ ಬಿಸಿಲು ಅದರ ಮೇಲೆ ಜಾರುತ್ತದೆ. ಆರು ತಿಂಗಳು ಗೋಡೆ ನೋಡುತ್ತ ಮಲಗಿದ್ದ ಮನುಷ್ಯ ಈಗ ತಲೆ ಬಾಚಿಕೊಂಡು, ಹೆಗಲಿಗೆ ಬಟ್ಟೆ ಹಾಕಿಕೊಂಡು ಗಿರಾಕಿಯ ಜೊತೆ ಹರಟುತ್ತಾರೆ. ನೋಡಿದರೆ ನನಗೆ ಕಣ್ಣು ತುಂಬುತ್ತದೆ, ಹೊರಗೆ ತೋರಿಸುವುದಿಲ್ಲ.

ಒಂದೇ ತೊಂದರೆ. ಅಲ್ಲಿ ಕೂತೇ ನನ್ನ ಗನ್ನಿನ ಸಪ್ಪಳ ಕೇಳುತ್ತಾರೆ. ಅಡಿಬಣ್ಣದ ಪ್ರೈಮರ್ ಹೊಡೆಯುವಾಗ ತಗಡಿನ ಆಚೆಯಿಂದ "ಗಾಳಿ ಜಾಸ್ತಿ ಆತು!", "ದೂರ ಸರಿ!" ಎಂದು ಕೂಗು. ಕಣ್ಣಿಗೆ ಬೀಳದಿದ್ದರೂ ಕಿವಿಯಿಂದಲೇ ನೋಡುತ್ತಾರೆ. ಕೈ ನನ್ನದು, ಬಾಯಿ ಇವರದು.

೨೯ ಮಾರ್ಚ್, ಶನಿವಾರ. ಅಮಾವಾಸ್ಯೆ

ಬಾನೆಟ್ ಕೆಟ್ಟಿತು.

ಬೆಳಿಗ್ಗೆ ತಂಪಿನಲ್ಲೇ ನೀಲಿ ಬಣ್ಣ ಕಲೆಸಿ ಹೊಡೆದೆ. ಮೊದಲ ಕೈ ಚೆನ್ನಾಗಿ ಕೂತಂತೆ ಕಂಡಿತು. ನೋಡುನೋಡುತ್ತಲೇ ಅಲ್ಲೊಂದು ಇಲ್ಲೊಂದು ಚುಕ್ಕೆ ತೆರೆದುಕೊಂಡಿತು. ಬಣ್ಣ ತಾನೇ ಹಿಂದೆ ಸರಿದು, ಗುಂಡಗೆ ಕುಳಿಯಾಗಿ, ನಡುವೆ ಪ್ರೈಮರ್ ಇಣುಕುತ್ತಿತ್ತು. ಎಣ್ಣೆ ಹಚ್ಚಿದ ತಾಟಿನ ಮೇಲೆ ನೀರು ನಿಲ್ಲುವುದಿಲ್ಲವಲ್ಲ, ಹಾಗೆ. ಮೇಲೆ ಇನ್ನೊಂದು ಕೈ ಹೊಡೆದೆ. ಕುಳಿ ಮುಚ್ಚಲಿಲ್ಲ, ಅಂಚು ದಪ್ಪವಾಯಿತು.

ಇವರು ಬಾಗಿಲ ಹೊರಗಿನಿಂದಲೇ ಕತ್ತು ಚಾಚಿ ನೋಡಿದರು. "ಕಂಪ್ರೆಸರಿನ್ಯಾಗ ನೀರು ನಿಂತೈತಿ. ಇಲ್ಲಾ ನಿನ್ನ ಕೈ ಅವಸರ ಐತಿ." ಅಷ್ಟು ಹೇಳಿ ಹೋದರು. ಹೊರಗೆ ಸಂತೆಯಂತೆ ಗಾಡಿಗಳು. ನಾಳೆ ಯುಗಾದಿ, ಇವತ್ತು ಅಮಾವಾಸ್ಯೆ. ಗಾಡಿ ಇದ್ದವರೆಲ್ಲ ತೊಳೆಸಿ ಹೊಳೆಸಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುವ ದಿನ.

ಅತ್ತೆಯದು ಬೇರೆ ಲೆಕ್ಕ. "ಅಮಾಸಿ ದಿನ ಬಣ್ಣ ಹಿಡಿಬ್ಯಾಡ ಅಂತ ಯಾರೂ ಹೇಳಿಲ್ಲೇನವ್ವಾ ನಿನಗ?" ಯಾರೂ ಹೇಳಿರಲಿಲ್ಲ.

೨ ಏಪ್ರಿಲ್, ಬುಧವಾರ

ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿನ ನೀರು ತೆಗೆದೆ. ಪೈಪು ಬದಲಿಸಿದೆ. ತಿನ್ನರ್ ಹೊಸದು. ಬಾನೆಟ್ ಮತ್ತೆ ಪ್ರೈಮರ್ ತನಕ ಉಜ್ಜಿದೆ. ತೋಳು ಎತ್ತಲಾಗುತ್ತಿಲ್ಲ.

೮ ಏಪ್ರಿಲ್, ಮಂಗಳವಾರ

ಮತ್ತೆ ಕುಳಿ. ಕಡಿಮೆ, ಆದರೆ ಇವೆ. ಎಡಗಡೆಯ ಬಾಗಿಲಿನಲ್ಲಿ, ಬಾನೆಟ್ಟಿನ ತುದಿಯಲ್ಲಿ.

ಬಣ್ಣ ಹೊಡೆಯುವ ಮುಂಚೆ ತಿನ್ನರಿನ ಬಟ್ಟೆಯಿಂದ ಮೂರು ಸಲ ಒರೆಸಿದ್ದೆ. ಅತ್ತೆ ಒಗೆದು ಮಡಿಚಿಟ್ಟ ಬಟ್ಟೆಗಳು, ಕಲೆ ಎಂಬುದಿಲ್ಲ. ಇನ್ನೇನು ಮಾಡಲಿ?

ಹುಲಗಪ್ಪ ಟೇಪು ಹಿಡಿದುಕೊಂಡು ಬಂದು ಶೆಡ್ಡಿನ ಅಗಲ ಅಳೆದ. ನನ್ನನ್ನು ಕೇಳಲಿಲ್ಲ. "ಸುಮ್ನ ನೋಡಾಕತ್ತೀನಿ ವೈನಿ" ಎಂದ. ನಾನೂ ಸುಮ್ಮನೆ ನೀರಿನ ಪೈಪು ಬಿಟ್ಟೆ, ಅವನ ಚಪ್ಪಲಿ ನೆನೆದವು.

ಇವರು ಊಟಕ್ಕೆ ಕೂತು ಹೇಳಿದರು, "ಕೈಗೆ ಬರಲಿಲ್ಲಂದ್ರ ತಪ್ಪೇನಿಲ್ಲ. ಎಲ್ಲಾರ ಕೈಗೂ ಬರಂಗಿಲ್ಲ." ಬೈದಿದ್ದರೆ ಸಹಿಸುತ್ತಿದ್ದೆ. ಸಮಾಧಾನ ಮಾಡಿದರು. ಅದನ್ನು ಸಹಿಸಲಾಗಲಿಲ್ಲ, ತಾಟು ಬಿಟ್ಟು ಎದ್ದೆ.

೯ ಏಪ್ರಿಲ್

ಇವತ್ತು ಶೆಡ್ ತೆರೆಯಲಿಲ್ಲ.

೧೫ ಏಪ್ರಿಲ್, ಮಂಗಳವಾರ

ಯಾದಗಿರಿಗೆ ಹೋಗಿ ಬಂದೆ. ಅದೇ ನೀಲಿ ಹೊಡೆದು ನೋಡಿದ್ದ ತಗಡಿನ ಚೂರಿಗೂ ಕುಳಿ ಬಿದ್ದಿತ್ತು, ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಬಣ್ಣದ ಅಂಗಡಿಯ ಮಮ್ತಾಜ ಆಪಾ ಗಲ್ಲೆಯ ಮೇಲೆ ಕೂತಿದ್ದರು. ಇವರು ಆ ಅಂಗಡಿಯ ಹಳೆಯ ಗಿರಾಕಿ. ಆಪಾ ತಗಡನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು.

"ಅರೇ, ಇದು ನಿನ್ನ ಕೈಯಿ ಅಲ್ಲಮ್ಮಾ, ಸಿಲಿಕಾನು. ದಿನಾ ಒಬ್ರು ತಗೊಂಡು ಬರ್ತಾರ ಇಂಥಾದು. ಬಾಜೂಕ ಯಾರರೆ ಪಾಲಿಶ್ ಗಿಲಿಶ್ ಮಾಡ್ತಾರೇನು?"

ನಾನು ತಗಡು ಸುತ್ತಿದ್ದ ಪೇಪರನ್ನು ಮಡಿಚತೊಡಗಿದೆ. ಆಪಾ ತಮ್ಮಷ್ಟಕ್ಕೆ ಹೇಳುತ್ತ ಹೋದರು. ಈಗಿನ ಹೊಳಪಿನ ಸ್ಪ್ರೇಗಳಲ್ಲಿ ಸಿಲಿಕಾನ್ ಇರುತ್ತದೆ. ಹೊಳೆಯುವುದೇ ಅದರಿಂದ. ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಹಳೆಯ ಬಣ್ಣದ ಮೇಲೆ ಕೂತರೆ ಚೆಂದ, ಹೊಸ ಬಣ್ಣದ ಕೆಳಗೆ ಕೂತರೆ ಬಣ್ಣ ಹಿಡಿಯುವುದಿಲ್ಲ. ಗಾಳಿಯಲ್ಲಿ ತೇಲಿ ಬಂದು ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಸೋಪಿಗೂ ಬಗ್ಗುವುದಿಲ್ಲ.

ನನಗೆ ಮೊದಲು ಆದದ್ದು ಖುಷಿ. ನನ್ನ ಕೈ ಅಲ್ಲ! ಎದ್ದು ಕುಣಿಯಬೇಕು ಅನ್ನಿಸಿತು. ಬಸ್ಸು ಭೀಮಾ ದಾಟುವಷ್ಟರಲ್ಲಿ ಖುಷಿ ಇಳಿದುಹೋಗಿತ್ತು. ಅಮಾವಾಸ್ಯೆಯ ದಿನ ಯಾಕೆ ಅಷ್ಟು ಕುಳಿ ಬಿದ್ದವು ಎಂಬುದು ತಿಳಿಯಿತು. ಆ ದಿನ ಊರಿನ ಅರ್ಧ ಗಾಡಿಗಳಿಗೆ ಇವರು ನನ್ನ ಬಾಗಿಲಲ್ಲೇ ಸ್ಪ್ರೇ ಹೊಡೆದಿದ್ದರು.

ಹೇಗೆ ಹೇಳಲಿ? ಗನ್ ಕಸಿದುಕೊಂಡದ್ದು ಡಾಕ್ಟರು. ಈ ಬಟ್ಟೆಯನ್ನೂ ಕಸಿದುಕೊಳ್ಳಬೇಕಾದವಳು ನಾನು. ಮತ್ತೆ ಆ ಮಂಚ, ಆ ಗೋಡೆ.

ಆಪಾ ಒಂದು ಸಣ್ಣ ಬಾಟಲಿ ಕೊಟ್ಟಿದ್ದಾರೆ. ಬಣ್ಣಕ್ಕೆ ಇದರ ನಾಲ್ಕು ಹನಿ ಹಾಕಿದರೆ ಕುಳಿ ಬೀಳುವುದಿಲ್ಲ. "ಆದ್ರ ಕೇಳಿಲ್ಲಿ, ಇದರಾಗೂ ಅದೇ ಇರೋದು. ಬಣ್ಣದೊಳಗೂ ಸಿಲಿಕಾನ್ ಬಂತಂದ್ರ ಹೊರಗಿಂದು, ಒಳಗಿಂದು ಬರಾಬರ್ ಆಗ್ತದ, ಕುಳಿ ಮುಚ್ತದ. ಒಮ್ಮೆ ಹಾಕಿದ್ರ ಮುಂದಿಂದಕ್ಕೂ ಹಾಕ್ತಾನೇ ಇರಬೇಕು. ಮುಂದ ಆ ಗಾಡಿಗೆ ಯಾರು ಬಣ್ಣ ಹೊಡೀತಾರೋ ಅವರು ನಿನಗ ಬೈತಾರ" ಎಂದರು. ಬಾಟಲಿಯನ್ನು ಜೋಳದ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

೧೮ ಏಪ್ರಿಲ್, ಶುಕ್ರವಾರ

ಮೂಲೆಯಲ್ಲಿ ಬಿದ್ದಿದ್ದ ಗುಜರಿ ಬಾಗಿಲಿಗೆ ಹನಿ ಹಾಕಿ ಹೊಡೆದು ನೋಡಿದೆ. ಹಳೆಯ ಗನ್ನಿನಲ್ಲಿ ಹೊಡೆದೆ, ಹೊಸ ಗನ್ನಿಗೆ ಆ ನೀರು ತೋರಿಸಲು ಮನಸ್ಸಾಗಲಿಲ್ಲ. ಒಂದೇ ಒಂದು ಕುಳಿ ಇಲ್ಲ. ಹಲ್ಲು ನೋಡಿಕೊಳ್ಳುವಷ್ಟು ಹೊಳಪು.

ಇಷ್ಟೇ ಸಾಕಲ್ಲವೇ? ಟೀಚರ್ ಸನ್ನತಿಗೆ ಹೋಗುತ್ತಾರೆ, ಹುಲಗಪ್ಪ ಟೇಪು ಸುತ್ತಿಕೊಳ್ಳುತ್ತಾನೆ, ಇವರು ಸ್ಟೂಲಿನ ಮೇಲೆ ಕೂತಿರುತ್ತಾರೆ. ಯಾರಿಗೂ ನೋವಿಲ್ಲ.

ಆದರೂ ಆ ಬಾಗಿಲನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ. ಯಾಕೆ ಎಂದು ಗೊತ್ತಿಲ್ಲ. ನನ್ನ ಕೆಲಸ ಎಂದು ತೋರಿಸಲು ನಾಚಿಕೆಯಾಯಿತು. ಹಾಗಾದರೆ ಕೆರೆಯ ನೀಲಿ ಬೇಕೆಂದು ನಂಬಿ ಕೀಲಿ ಕೊಟ್ಟವರ ಗಾಡಿಗೆ ಅದನ್ನು ಹಾಕಲೇ?

೨೩ ಏಪ್ರಿಲ್, ಬುಧವಾರ

ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ನೆಲಕ್ಕೆ ನೀರು ಹೊಡೆದೆ. "ಇದ್ಯಾಕ?" ಎಂದರು ಇವರು. "ಧೂಳ್ರಿ" ಎಂದೆ. ಸೆಖೆಗೆ ಒಳಗೆ ಜೀವ ಹೋದಂತಾಯಿತು. ಹಿಂದಿನ ಡಿಕ್ಕಿಗೆ ಹನಿ ಹಾಕದೆ ಹೊಡೆದೆ. ಮತ್ತೆ ಕುಳಿ. ಗಾಳಿ ಬಂದ್ ಮಾಡಿದರೂ ಹೇಗೆ ಬಂತು? ತಲೆ ಕೆಟ್ಟಿದೆ. ಟೀಚರ್ ಫೋನು ಮಾಡಿ ತಾಯಿ ದಿನಾ ಕಾರಿನ ಸುದ್ದಿ ಕೇಳುತ್ತಾರೆ ಎಂದರು. ಆಗುತ್ತದೆ ಎಂದೆ. ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ. ಅಮಾವಾಸ್ಯೆ ಕಳೆದ ಮೇಲೆ ಹಾಕಿ ಮುಗಿಸುತ್ತೇನೆ.

೨೭ ಏಪ್ರಿಲ್, ಭಾನುವಾರ. ಅಮಾವಾಸ್ಯೆ

ಬೆಳಿಗ್ಗೆಯಿಂದ ಗಾಡಿಯೋ ಗಾಡಿ. ಸುರಪುರದಿಂದಲೂ ಬಂದಿದ್ದವು. ನಾನು ಕೆಲಸ ಬಿಟ್ಟು ಶೆಡ್ಡಿನೊಳಗೆ ಕೂತಿದ್ದೆ. ಪ್ಲಾಸ್ಟಿಕ್ ಹಾಳೆಯ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಇವರು ಸ್ಪ್ರೇ ಒತ್ತಿದಾಗಲೆಲ್ಲ ಆ ಬಿಸಿಲಿನಲ್ಲಿ ಸಣ್ಣ ಮಂಜು ತೇಲಿ ಒಳಗೆ ಬರುವುದು ಕಂಡಿತು. ಮಲ್ಲಿಗೆ ವಾಸನೆ ಬಂತು.

ಮಧ್ಯಾಹ್ನ ಇವರು ಗುಳಿಗೆ ಹುಡುಕುತ್ತ ಮೇಜಿಗೆ ಬಂದರು. ಬಾಟಲಿ ಕೈಗೆತ್ತಿಕೊಂಡರು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಓದುವ ಗೋಜಿಗೇ ಹೋಗಲಿಲ್ಲ, ಮುಚ್ಚಳ ತೆಗೆದು ಬೆರಳಿಗೆ ಹಚ್ಚಿ ತಿಕ್ಕಿ ನೋಡಿದರು. ಇವರಿಗೆ ಅಷ್ಟೇ ಸಾಕು.

"ಇದನ್ನ ಯಾವ ಗನ್ನಿಗೆ ಹಾಕೀ?"

"ಹಳೇದಕ್ಕ. ಗುಜರಿ ಬಾಗಿಲಕ್ಕ ಅಷ್ಟs."

"ಹೊಸಾದಕ್ಕ ಹಾಕಿಲ್ಲಲ್ಲ?"

"ಇಲ್ರಿ."

ಉಸಿರು ಬಿಟ್ಟರು. ಆಮೇಲೆ ನಿಧಾನವಾಗಿ ಮುಖ ಬದಲಾಯಿತು. ಹೆಗಲ ಮೇಲಿನ ಬಟ್ಟೆಯನ್ನೂ ಬೆರಳಲ್ಲಿ ತಿಕ್ಕಿ ನೋಡಿದರು, ಅದೇ ಜಾರಿಕೆ ಇರಬೇಕು, ಹೊರಗೆ ನಿಂತ ಗಾಡಿಗಳನ್ನು ನೋಡಿದರು.

"ನಂದೇನು? ಈ ಕುಳಿ ನನ್ನಿಂದ ಬೀಳಾಕತ್ತಾವೇನು?"

ನಾನು ಸೆರಗಿಗೆ ಕೈ ಒರೆಸುತ್ತ ನಿಂತೆ.

"ಎಂದ ಗೊತ್ತಾತು?"

"ಯಾದಗಿರಿಗೆ ಹೋದಾಗ."

"ಅವತ್ತs ಗೊತ್ತಾಗೈತಿ. ಗೊತ್ತಾಗಿ ಪ್ಲಾಸ್ಟಿಕ್ ಕಟ್ಟಿದಿ, ನೀರು ಹೊಡದಿ, ಧೂಳು ಅಂದಿ. ನನಗ ಒಂದು ಮಾತು ಹೇಳಲಿಲ್ಲ."

"ಹೆಂಗ ಹೇಳ್ಲಿ? ಮತ್ತ ಹಾಸಿಗಿ ಹಿಡಿತೀರಿ ಅಂತ ಅಂಜಿಕಿ ಬಂತು."

ಇವರು ಕೂಗಿದರು. ಕೂಗಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿನ ನಡುವೆಯೇ ಹೇಳಿದರು, "ಎದಿ ಕೆಟ್ಟೈತಿ ನಂದು. ತಿಳಿವಳಿಕಿ ಕೆಟ್ಟಿಲ್ಲ!"

ಹೊರಗಿನ ಗಿರಾಕಿಗಳು ಬಾಗಿಲಿಗೆ ಬಂದು ಇಣುಕಿದರು. ಅತ್ತೆ ಏನಾಯಿತೆಂದು ಓಡಿ ಬಂದರು. ಇವರು ಹೋಗಿ ನಿಂತ ಗಾಡಿಗಳನ್ನು ಪೂರಾ ಮಾಡಿದರು, ಬರೀ ನೀರಿನಲ್ಲಿ.

೨೮ ಏಪ್ರಿಲ್

ಮಾತಿಲ್ಲ. ರೊಟ್ಟಿ ಇಟ್ಟರೆ ತಿನ್ನುತ್ತಾರೆ.

೨೯ ಏಪ್ರಿಲ್

ಇವತ್ತೂ ಇಲ್ಲ. ಸಿಟ್ಟು ನನಗೂ ಇದೆ. ನನ್ನ ಕೈ ಅವಸರ ಎಂದವರು ಯಾರು? ಆ ಮಾತು ತಪ್ಪಾಯಿತು ಎಂದು ಯಾರಾದರೂ ಹೇಳಿದರೇ?

೩೦ ಏಪ್ರಿಲ್, ಬುಧವಾರ. ಬಸವ ಜಯಂತಿ

ಬೆಳಿಗ್ಗೆ ಎದ್ದರೆ ಸ್ಟೂಲು ಇಲ್ಲ. ಡಬ್ಬಿಗಳಿಲ್ಲ, ಬಕೆಟ್ಟಿಲ್ಲ. ಮಂಚದ ಮೇಲೆ ನೋಡಿದೆ, ಅಲ್ಲೂ ಇಲ್ಲ. ಹೊರಗೆ ಓಡಿ ಬಂದರೆ ರಸ್ತೆಯ ಆಚೆ, ಬೇವಿನ ಗಿಡದ ಕೆಳಗೆ, ಸ್ಟೂಲಿನ ಮೇಲೆ ಕೂತು ಗಾಳಿ ಯಾವ ಕಡೆ ಬೀಸುತ್ತದೆ ಎಂದು ಎಲೆ ನೋಡುತ್ತಿದ್ದರು. "ಇಲ್ಲಿ ನೆಳ್ಳು ಚೊಲೊ ಐತಿ" ಎಂದು ಅಲ್ಲಿಂದಲೇ ಕೂಗಿದರು. ಇಷ್ಟು ವರ್ಷ ಆ ನೆರಳು ಇವರಿಗೆ ಕಂಡಿರಲಿಲ್ಲ.

ಹಿತ್ತಲಿಗೆ ಬಂದು ಅತ್ತೆಯ ಕೈಯಿಂದ ಬಟ್ಟೆಯ ಬುಟ್ಟಿ ತೆಗೆದುಕೊಂಡರು. "ಅವ್ವಾ, ನನ್ನ ಪಾಲಿಶ್ ಅರಬಿ, ಅಕಿ ಒರಸೋ ಅರಬಿ ಎಲ್ಲಾ ಒಂದs ಬುಟ್ಟ್ಯಾಗ ಒಗಿತಿಯೇನು?"

"ಮತ್ತ? ಒಂದs ಮನಿ ಅರಬಿಗೆ ಎರಡು ಬುಟ್ಟಿ ಯಾಕ?" ಎಂದರು ಅತ್ತೆ.

ಇವರು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಆಮೇಲೆ ನಕ್ಕರು. ನಾನೂ ನಕ್ಕೆ. ಬಾಗಿಲಿಗೆ ಪ್ಲಾಸ್ಟಿಕ್ ಕಟ್ಟಿದ್ದೇ ಕಟ್ಟಿದ್ದು. ಇವರ ಬಟ್ಟೆಯ ಸಿಲಿಕಾನು ಒಗೆದ ನೀರಿನಲ್ಲಿ ನನ್ನ ಬಟ್ಟೆಗೆ ಹತ್ತಿ, ನಾನೇ ಅದನ್ನು ಕಾರಿಗೆಲ್ಲ ಮೂರು ಮೂರು ಸಲ ಸವರಿದ್ದೇನೆ. ಅತ್ತೆಗೆ ಮಾತ್ರ ಸಿಟ್ಟು ಬಂತು. ತಾವು ಒಗೆದ ಬಟ್ಟೆಯ ಮೇಲೆ ಇದುವರೆಗೆ ಯಾರೂ ಮಾತು ತೆಗೆದಿಲ್ಲವಂತೆ.

ನಾನೊಂದು ಷರತ್ತು ಹಾಕಿದೆ. "ಅಲ್ಲಿ ಕೂಡ್ರೋದಾದ್ರ ಮಾಸ್ಕ್ ಹಾಕ್ಕೋರಿ. ಇಲ್ಲಾಂದ್ರ ಅದೂ ಬಂದ್." ಹೂಂ ಎಂದರು. ಬಾಟಲಿಯನ್ನು ನಾನೇ ಗುಜರಿಯವನ ಡ್ರಮ್ಮಿಗೆ ಎಸೆದೆ, ಹಳೆಯ ಗನ್ನನ್ನೂ.

೪ ಮೇ, ಭಾನುವಾರ

ಶೆಡ್ಡಿನ ಗೋಡೆ, ತಗಡು, ಪೈಪು ಎಲ್ಲ ತೊಳೆದದ್ದಾಯಿತು. ಕಾರಿನ ಕೆಟ್ಟ ಬಣ್ಣವನ್ನು ಪೂರಾ ಉಜ್ಜಿ ತೆಗೆದೆ. ಆಪಾ ಕಳಿಸಿದ ಜಿಡ್ಡು ತೆಗೆಯುವ ನೀರಿನಿಂದ ಒರೆಸುವಾಗ ಇವರು ರಸ್ತೆಯ ಆಚೆಯಿಂದ ಕೈ ಮಾಡಿ ತೋರಿಸಿದರು. ಒಂದು ಒದ್ದೆ ಬಟ್ಟೆ, ಅದರ ಹಿಂದೆಯೇ ಒಂದು ಒಣ ಬಟ್ಟೆ, ಒಂದೇ ದಿಕ್ಕಿಗೆ. ಒರೆಸಿದ್ದನ್ನು ಬಿಸಾಡುವುದು. ನೋಡಿದವರು ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

೬ ಮೇ, ಮಂಗಳವಾರ

ಬೆಳಕು ಹರಿಯುತ್ತಲೇ ಶುರು ಮಾಡಿದೆ. ಮೊದಲು ಬಾನೆಟ್. ಒಂದು ಕೈ ಹೊಡೆದು ಗನ್ ಕೆಳಗಿಟ್ಟು ನೋಡುತ್ತ ನಿಂತೆ. ಈಗ ತೆರೆಯುತ್ತದೆ, ಈಗ ತೆರೆಯುತ್ತದೆ ಎಂದು ಕಾದೆ. ತೆರೆಯಲಿಲ್ಲ. ಬಣ್ಣ ತಾನಾಗಿ ಹರಡಿ, ಒಂದಕ್ಕೊಂದು ಕೂಡಿ, ಸುಮ್ಮನಾಯಿತು. ಮಾಸ್ಕಿನೊಳಗೇ ನನಗೆ ಅಳು ಬಂತು. ಅಳುತ್ತ ಗನ್ ಹಿಡಿಯಬಾರದೆಂದು ಮುಖ ಒರೆಸಿಕೊಂಡು ಬಾಗಿಲುಗಳಿಗೆ ಹೋದೆ, ಮೇಲ್ಛಾವಣಿ, ಡಿಕ್ಕಿ, ಆಮೇಲೆ ಮೇಲಿನ ಹೊಳಪಿನ ಕ್ಲಿಯರ್. ಬಿಸಿಲೇರುವ ಮುಂಚೆ ಮುಗಿಯಿತು.

ಮುಗಿದ ಮೇಲೆ ತಿಳಿಯಿತು, ಇವತ್ತು ಯಾರೂ ಕೂಗಲಿಲ್ಲ. ನಡುವೆ ರಸ್ತೆ, ಲಾರಿಗಳ ಸಪ್ಪಳ, ಇವರಿಗೆ ಕೇಳಿಸಿರಲಿಕ್ಕಿಲ್ಲ. ಹೊರಗೆ ಬಂದು ನೋಡಿದರೆ ಒಬ್ಬ ಗಿರಾಕಿ ಹಾರ್ನ್ ಹೊಡೆಯುತ್ತಿದ್ದಾನೆ, ಇವರು ಕೆಲಸ ಬಿಟ್ಟು ನಮ್ಮ ಕಡೆಗೇ ಕಿವಿ ಕೊಟ್ಟು ನಿಂತಿದ್ದಾರೆ.

ಕೈಕಾಲು ತೊಳೆದು, ಅಂಗಿ ಬದಲಿಸಿ ಬಂದರು. ಬಾಗಿಲ ಹೊರಗೆ ಕೈ ಹಿಂದೆ ಕಟ್ಟಿಕೊಂಡು ನಿಂತರು.

"ಒಳಗ ಬರ್ಲೇನು?"

"ಇವತ್ತ ಬ್ಯಾಡ. ವಾಸನಿ ಹೋಗ್ಲಿ, ನಾಡದು ಬರ್ರಿ."

ಹೂಂ ಎಂದು ತಿರುಗಿ ಹೋದರು. ಶೆಡ್ ಕಟ್ಟಿದವರು ಇವರು. ಹಾಗೆ ಹೇಳಿದ್ದು ಜೋರಾಯಿತೇನೋ.

೮ ಮೇ, ಗುರುವಾರ

ಬಂದು ನೋಡಿದರು. ಸುತ್ತ ಒಂದು ಸುತ್ತು ಹಾಕಿ, ಬಗ್ಗಿ, ಬಾನೆಟ್ಟಿನಲ್ಲಿ ತಮ್ಮ ಮುಖ ನೋಡಿಕೊಂಡರು. ಮುಟ್ಟಲಿಲ್ಲ. ಹೋಗುವಾಗ ಹೇಳಿದರು, "ಕೈ ಅವಸರ ಅಂದಿದ್ದೆ. ಅದು ತಪ್ಪು." ಸಾರಿಗೆ ಇವತ್ತು ಎರಡು ಸಲ ಉಪ್ಪು ಹಾಕಿದೆ.

೧೧ ಮೇ, ಭಾನುವಾರ

ಯಶೋಧರಾ ಟೀಚರ್ ತಾಯಿಯನ್ನೂ ಕರೆದುಕೊಂಡು ಬಂದಿದ್ದರು. ಆ ಮುದುಕಿ ಕಾರಿನ ಸುತ್ತ ಕೈ ಆಡಿಸಿ "ನೀರು ಮುಟ್ಟಿದಂಗ ಆಗ್ತದ" ಎಂದರು. ಟೀಚರ್ ಇವರತ್ತ ತಿರುಗಿ, "ನಾಳಿ ಹಬ್ಬ, ನಿಮ್ಮ ಪಾಲಿಶ್ ಒಂದೀಟು ಹೊಡಿರಲ್ಲ ಅಣ್ಣಾರೆ" ಎಂದರು.

"ಹೊಸಾ ಬಣ್ಣಕ್ಕ ಬ್ಯಾಡ್ರಿ. ಬಣ್ಣ ಇನ್ನಾ ಉಸಿರಾಡಬೇಕು. ಮೂರು ತಿಂಗಳು ಬರೀ ನೀರು" ಎಂದರು ಇವರು. ತಮ್ಮ ಗಿರಾಕಿಯನ್ನು ತಾವೇ ವಾಪಸು ಕಳಿಸಿದರು.

ಹುಲಗಪ್ಪ ಸುರಪುರ ರಸ್ತೆಯಲ್ಲಿ ಬೇರೆ ಜಾಗ ನೋಡಿದ್ದಾನಂತೆ.

೧೯ ಮೇ, ಸೋಮವಾರ

ಬರೆಯಲು ಪುರುಸೊತ್ತೇ ಇರಲಿಲ್ಲ. ಒಂದು ಬೊಲೆರೊದ ಬಾಗಿಲು, ಎರಡು ಬೈಕಿನ ಟ್ಯಾಂಕು. ಅತ್ತೆ ಈಗ ಎರಡು ಬುಟ್ಟಿ ಇಟ್ಟಿದ್ದಾರೆ, ನನ್ನದಕ್ಕೆ ಕೆಂಪು. ಇವರನ್ನೂ ಮುಟ್ಟಗೊಡುವುದಿಲ್ಲ.

ಮಧ್ಯಾಹ್ನ ಕೊಡೇಕಲ್ ಕಡೆಯವರೊಬ್ಬರು ಜಜ್ಜಿದ ಕಾರು ತಂದರು. ಕಂಪ್ರೆಸರ್ ಹಾಕಿದ್ದೆ, ಅವರು ರಸ್ತೆಯಲ್ಲೇ ನಿಂತು ಜೋರಾಗಿ ಕೂಗಿದರು, "ಪೇಂಟರ್ ಅದಾರೇನ್ರೀ?"

"ಅದೀನಿ, ಬರ್ರಿ. ಏನಾಗಬೇಕಿತ್ತು?" ಎಂದು ಕೂಗಿದೆ.

ಹಿಂದಿನ ಬಾಗಿಲು ಒಳಗೆ ಹೋಗಿದೆ, ಪುಟ್ಟಿ ಬಹಳ ಬೇಕು. ಮಾತಾಡುತ್ತ ತಲೆ ಎತ್ತಿದರೆ ಬೇವಿನ ಗಿಡದ ಕೆಳಗೆ ಇವರು ಮಾಸ್ಕ್ ಇಳಿಸಿ ನನ್ನನ್ನೇ ನೋಡುತ್ತ ನಿಂತಿದ್ದರು, ಕೈಯಲ್ಲಿನ ಬಟ್ಟೆಯಿಂದ ನೀರು ಸೋರುತ್ತಿತ್ತು. ಮುಖಕ್ಕೆ ಬಣ್ಣ ಹತ್ತಿದೆಯೇನೋ ಎಂದು ಒರೆಸಿಕೊಂಡೆ. ಏನೂ ಇರಲಿಲ್ಲ. ಸಂಜೆ ಕೇಳಬೇಕೆಂದುಕೊಂಡೆ, ಮರೆತೆ. ನಾಳೆ ಬೇಗ ಏಳಬೇಕು.